ಈಜು ಮೇಷ್ಟರ ದೂರು

ಜೀವರಕ್ಷಕ ಹಿಂದಿನಿಂದ ಕಂಕುಳಿಗೆ ಕೈಹಾಕಿ ಈಜು ಮೇಷ್ಟರನ್ನು ಅಲೆಗಳಿಂದ ಹೊರಗೆ ಎಳೆದು ತಂದ. ಮೇಷ್ಟರು ಮರಳಿನ ಮೇಲೆ ಮೊಣಕಾಲೂರಿ ಒಂದಷ್ಟು ಹೊತ್ತು ಕೆಮ್ಮಿದರು. ಉಸಿರು ಹತೋಟಿಗೆ ಬಂದ ಮೇಲೆ ಸುತ್ತ ಸೇರಿದ್ದ ಜನರನ್ನೊಮ್ಮೆ ನೋಡಿ, ಜೀವರಕ್ಷಕನ ಕಡೆ ತಿರುಗಿ, "ನಾನೇ ಬರ್ತಿದ್ನಲ್ಲ, ನಿನಗೇನು ಅವಸರ ಬಂದಿತ್ತು?" ಎಂದರು.

ಅವನಿಗೂ ಏದುಸಿರು. ವಿಷಯ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಮೇಷ್ಟರ ಭಾವಮೈದುನ ಟವೆಲ್ ಚಾಚುತ್ತ, "ಏನ್ ಭಾವ, ಊರಿನ ಮಕ್ಕಳಿಗೆಲ್ಲ ಈಜು ಕಲಿಸೋರನ್ನೇ ಎತ್ಕೊಂಡು ಬರೋ ಹಾಗಾಯ್ತಲ್ಲ" ಎಂದು ನಕ್ಕ. ಅವನ ಜೊತೆ ಇನ್ನೂ ಕೆಲವರು ನಕ್ಕರು. ಯಾರೋ ಫೋನಿನಲ್ಲಿ ಎಲ್ಲವನ್ನೂ ಹಿಡಿದಿದ್ದರು. ಮೇಷ್ಟರು ಟವೆಲ್ ಹೊದ್ದುಕೊಂಡು, ಹೆಂಡತಿಗೆ ಬಾ ಎಂದು ಸನ್ನೆ ಮಾಡಿ, ಬರಿಗಾಲಲ್ಲೇ ಕಡಲತೀರದ ಕಚೇರಿಯತ್ತ ನಡೆದರು. ಜೀವರಕ್ಷಕ ಹಿಂಬಾಲಿಸಿದ.

ಕಚೇರಿ ಎಂದರೆ ವಾಹನ ನಿಲ್ಲಿಸುವ ಜಾಗದ ಮೂಲೆಯಲ್ಲಿ ಒಂದೇ ಕೋಣೆ. ಒಂದು ಮೇಜು, ಕಿರುಗುಟ್ಟುವ ಫ್ಯಾನು, ಗೋಡೆಗೆ ನೇತುಹಾಕಿದ ರಬ್ಬರ್ ಟ್ಯೂಬುಗಳು. ಅಲ್ಲಿ ಕೂತಿದ್ದ ಅಧಿಕಾರಿ ಬೆಳಗಿನಿಂದ ಒಂದೇ ವಿಚಾರಕ್ಕೆ ತಲೆ ಕೆಡಿಸಿಕೊಂಡಿದ್ದರು. ತೀರದಲ್ಲಿ ಜೀವರಕ್ಷಕರು ಇರಬೇಕೇ ಬೇಡವೇ ಎಂಬುದು ಮರುದಿನ ನಗರಸಭೆಯಲ್ಲಿ ತೀರ್ಮಾನವಾಗಲಿತ್ತು. ಈ ವರ್ಷ ಅಲ್ಲಿ ಒಬ್ಬರೂ ಸತ್ತಿರಲಿಲ್ಲ. ಅಧಿಕಾರಿಯ ತೊಂದರೆಯೇ ಅದು. ಸಾಯೋರೇ ಇಲ್ಲದ ಕಡೆ ಕಾಯೋರು ಯಾಕೆ ಎಂದು ಸದಸ್ಯರು ಆಗಲೇ ಕೇಳತೊಡಗಿದ್ದರು.

"ಇವನು ನನ್ನ ಮರ್ಯಾದೆ ತೆಗೆದ," ಎಂದರು ಮೇಷ್ಟರು. "ನಾನೇನು ಮುಳುಗ್ತಿರಲಿಲ್ಲ. ಸುಸ್ತಾಗಿತ್ತು, ಅಂಗಾತ ತೇಲ್ತಾ ಇದ್ದೆ. ಹೇಳದೆ ಕೇಳದೆ ಹಿಂದಿನಿಂದ ಬಂದು ಹಿಡಕೊಂಡ. ನೀರು ಕುಡಿದಿದ್ದೇ ಆಗ. ಆ ವಿಡಿಯೋ ನೋಡಿದ ಮೇಲೆ ಯಾವ ಅಪ್ಪ ಅಮ್ಮ ಮಕ್ಕಳನ್ನ ನನ್ನ ಹತ್ರ ಕಳಿಸ್ತಾರೆ, ನೀವೇ ಹೇಳಿ."

"ನಾಳೆ ಸಭೆಯಲ್ಲಿ ಇವರ ಕೆಲಸ ಉಳೀಬೇಕೋ ಬೇಡವೋ ಅಂತ ಮಾತಿದೆ ಮೇಷ್ಟ್ರೇ. ನಿಮ್ಮ ದೂರು ಅಲ್ಲಿಗೇ ಹೋಗುತ್ತೆ."

"ಹೋಗ್ಲಿ. ಬೇಕಾದ್ರೆ ನಾನೇ ಬಂದು ಹೇಳ್ತೀನಿ."

ಅಧಿಕಾರಿ ಬಾಗಿಲ ಬಳಿ ನೀರು ತೊಟ್ಟಿಕ್ಕಿಸುತ್ತ ನಿಂತಿದ್ದ ಜೀವರಕ್ಷಕನನ್ನು ನೋಡಿದರು. "ಇವರು ಮುಳುಗ್ತಿದ್ರೇನಯ್ಯ?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ಲ ಅಂದ್ರೆ?"

"ಇನ್ನೊಂಚೂರು ಕಾದು ನೋಡಿದ್ರೆ ಗೊತ್ತಾಗ್ತಿತ್ತು. ಕಾಯಲಿಲ್ಲ."

ಅಧಿಕಾರಿ ಹಣೆ ಉಜ್ಜಿಕೊಂಡರು. ಈ ಉತ್ತರ ಸಭೆಯಲ್ಲಿ ನಡೆಯುವಂಥದ್ದಲ್ಲ. ಅದರ ಮೇಲೆ ಮೇಷ್ಟರೂ ಬಂದು ಬಾಯಿಬಿಟ್ಟರೆ ಕೇಳುವುದೇ ಬೇಡ. ಮುಳುಗದವರನ್ನು ಎಳೆದು ತರುವುದೇ ಇವರ ಉದ್ಯೋಗ ಎಂದು ಆಡಿಕೊಳ್ಳುತ್ತಾರೆ. ಅವರು ಬೇರೆ ದಾರಿ ಕಾಣದೆ ಮೇಷ್ಟರ ಹೆಂಡತಿಯ ಕಡೆ ತಿರುಗಿದರು. "ನೀವು ದಡದಲ್ಲೇ ಇದ್ರಲ್ಲಮ್ಮ. ನೀವೇನು ನೋಡಿದ್ರಿ?"

ಆಕೆ ಗಂಡನ ಮುಖ ನೋಡಿದಳು. ಮದುವೆಯಾದಾಗಿನಿಂದ ನಾಲ್ಕು ಜನರ ಮುಂದೆ ಗಂಡನ ಮಾತು ತೆಗೆದುಹಾಕಿದವಳಲ್ಲ.

"ಇವರು ಕೂಗಿದ್ರು," ಎಂದಳು.

"ನಾನಾ? ನಿನ್ನನ್ನ ಕೂಗಿದ್ನಾ?" ಮೇಷ್ಟರಿಗೆ ನಗು ಬಂದಂತಿತ್ತು.

"ನನ್ನನ್ನಲ್ಲ. ಅಮ್ಮಾ ಅಂತ ಕೂಗಿದ್ರಿ."

ಮೇಷ್ಟರ ತಾಯಿ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಅವರ ಸುದ್ದಿ ಬಂದರೆ ಮೇಷ್ಟರು ಏನಾದರೂ ನೆಪ ಮಾಡಿಕೊಂಡು ಎದ್ದು ಹೋಗುತ್ತಿದ್ದರು.

"ಕಾಲಿಗೆ ಕಲ್ಲು ತಾಗಿದ್ರೂ ಜನ ಅಮ್ಮಾ ಅಂತಾರೆ," ಎಂದರು. "ಅದೊಂದು ಬಾಯಿಗೆ ಬರೋ ಮಾತು."

"ಹಾಗಲ್ಲ ರೀ. ಹೊರಗಿಂದ ಬಂದು ಬಾಗಿಲು ತೆಗಿ ಅಂತ ಕೂಗ್ತಾರಲ್ಲ, ಹಾಗೆ ಕೂಗಿದ್ರಿ. ಒಳಗೆ ಇದ್ದಾರೆ ಅಂತ ಗೊತ್ತಿರೋರ ಹಾಗೆ. ಅದನ್ನ ಕೇಳಿ ನನ್ನ ಕೈಕಾಲೇ ಆಡ್ಲಿಲ್ಲ. ಅಷ್ಟರಲ್ಲಿ ಇವನು ನೀರಿಗಿಳಿದಿದ್ದ."

ಭಾವಮೈದುನ ಬಾಗಿಲಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಈ ಸಲ ಅವನೂ ನಗಲಿಲ್ಲ.

ಮೇಷ್ಟರು ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಒದ್ದೆ ಟವೆಲ್ಲಿನಿಂದ ಕಾಲಿನ ಮರಳು ಒರೆಸಿದರು. ಒರೆಸಿದ ಕಾಲನ್ನೇ ಮತ್ತೆ ಒರೆಸಿದರು. ಹೆಂಡತಿ ಹತ್ತಿರ ಹೋಗಲಿಲ್ಲ. ನೀರಿನಲ್ಲಿ ಜನ ಇನ್ನೂ ಆಡುತ್ತಿದ್ದುದರಿಂದ ಜೀವರಕ್ಷಕ ಅಧಿಕಾರಿಗೆ ಹೇಳಿ, ಮೇಷ್ಟರ ಪಕ್ಕದಲ್ಲೇ ಮೆಟ್ಟಿಲಿಳಿದು ಹೋದ.

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟರು ಮತ್ತೆ ಬಾಗಿಲಿಗೆ ಬಂದರು.

"ನಾಳೆ ಸಭೆಗೆ ಬರ್ತೀನಿ," ಎಂದರು.

ಅಧಿಕಾರಿ ಅನುಮಾನದಿಂದಲೇ ಕೇಳಿದರು: "ಬಂದು? ಮುಳುಗ್ತಿದ್ದೆ ಅಂತ ಒಪ್ಕೋತೀರಾ?"

"ಮುಳುಗ್ತಿದ್ನೋ ಇಲ್ವೋ, ಅದು ನನಗೂ ಗೊತ್ತಿಲ್ಲ ಸ್ವಾಮಿ." ಮೇಷ್ಟರು ತೀರದ ಕಡೆ ನೋಡಿದರು. "ಗೊತ್ತಿರೋದನ್ನ ಹೇಳ್ತೀನಿ. ಕೂಗಿದ್ದು ಅಮ್ಮನ್ನ. ಬಂದಿದ್ದು ಅವನು."