ಒಬ್ಬ ಬೇಡ ಅಂದ್ರೆ ಸಾಕು

"ಟೀವಿ ಆಫ್ ಮಾಡಿ," ಅಂದ ಜುರಾಂದಿರ್.

ಫುಟ್‌ಬಾಲ್ ಆಟ ಮುಗಿಯೋಕೆ ಇನ್ನು ನಾಲ್ಕೇ ನಿಮಿಷ. ನೀಲಿ ತಂಡಕ್ಕೂ ಕರಿಬಿಳಿ ತಂಡಕ್ಕೂ ಒಂದೊಂದು ಗೋಲಾಗಿ ಸಮ ನಿಂತಿತ್ತು. ಗುಡ್ಡದ ಮೇಲಿನ ಓರೋ ಪ್ರೆತೊ ಊರಲ್ಲಿ ಇಂಥ ಹೊತ್ತಲ್ಲಿ ಟೀವಿ ಆಫ್ ಮಾಡು ಅಂದವನನ್ನ ಎತ್ತಿ ಇಳಿಜಾರಿಗೆ ಬಿಟ್ಟರೆ ಚರ್ಚಿನ ಪಾದ್ರಿಯೂ ತಪ್ಪು ಅನ್ನಲ್ಲ. ಆದರೆ ಮನೆಯ ಉಳಿದ ಹನ್ನೊಂದು ಹುಡುಗರೂ ಕೈಯೆತ್ತಿದರು. ಮೂಲಂಗಿ ಅನ್ನೋನು ತಾನೇ ಎದ್ದುಹೋಗಿ ಪ್ಲಗ್ಗು ಕಿತ್ತ. ಆ ಕ್ಷಣಕ್ಕೇ ಪಕ್ಕದ ಮನೆಯಿಂದ "ಗೋ...ಲ್!" ಅಂತ ಕೂಗು ಬಂತು. ಯಾರ ಗೋಲು ಅಂತ ಕೇಳೋಕೂ ಯಾರೂ ಬಾಯಿ ಬಿಡಲಿಲ್ಲ.

"ನಿಮಗೆ ಹೇಗೆ ಖುಷಿಯೋ ಹಾಗೆ, ಜುರಾಂದಿರ್ ಅವರೇ," ಅಂದ ಅಜ್ಜ. ಅಜ್ಜ ಅಂದರೆ ಮನೆಯ ಯಜಮಾನ, ಮೂವತ್ತೊಂದು ವರ್ಷದ ವಿದ್ಯಾರ್ಥಿ. ಕೆಮಿಸ್ಟ್ರಿ ಪರೀಕ್ಷೆಗೆ ಹನ್ನೆರಡನೇ ಸಲ ಕಟ್ಟಿದ್ದ. ಪಾಠ ಹೇಳೋ ಮೇಷ್ಟ್ರು ಒಂದು ಕಾಲಕ್ಕೆ ಇವನ ಜೂನಿಯರ್ರು.

ಗಣಿ ಕಾಲೇಜಿನ ಹುಡುಗರು ತಾವೇ ನಡೆಸೋ ಈ ಮನೆಗೆ ತೂತು ಮಡಕೆ ಅಂತ ಹೆಸರು. ಅಲ್ಲಿನ ಕಾಯ್ದೆ ಸರಳ. ಯಾವನು ಏನು ಕೇಳಿದರೂ ಎಲ್ಲರ ಕೈ ಏಳಬೇಕು, ಕೇಳಿದವನ ಕೈಯೂ ಸೇರಿ. ಒಬ್ಬ ಬೇಡ ಅಂದರೂ ಬಿತ್ತು. ಬಿದ್ದರೆ ಕೇಳಿದವನೇ ಭಾನುವಾರ ಕಾಳು ಬೇಯಿಸೋ ಕೊಪ್ಪರಿಗೆ ತಿಕ್ಕಬೇಕು. ಕಬ್ಬಿಣದ್ದು; ಹಿತ್ತಲ ನಲ್ಲಿಗೆ ಹೊರೋಕೆ ಇಬ್ಬರು ಬೇಕು. ಒಂದು ರಜೆಯಲ್ಲಿ ಅದರೊಳಗೆ ಬೆಕ್ಕು ಮರಿ ಹಾಕಿತ್ತು, ಮರಿಗಳು ಸಂಸಾರಸ್ಥರಾಗೋವರೆಗೂ ಯಾರಿಗೂ ಗೊತ್ತಾಗಿರಲಿಲ್ಲ.

ಮೂರು ವರ್ಷ ಆ ಕೊಪ್ಪರಿಗೆಯನ್ನ ಹೆಚ್ಚುಕಮ್ಮಿ ಜುರಾಂದಿರನೊಬ್ಬನೇ ತಿಕ್ಕಿದ್ದ. ಅವನು ಏನು ಕೇಳಿದರೂ ಯಾವನಾದರೊಬ್ಬ ಬೇಡ ಅಂತಿದ್ದ. ಆಗ ಅವನ ಹೆಸರು ಹೋತ, ನಕ್ಕರೆ ಥೇಟು ಹೋತವೇ. ಈ ಮನೆಯವರನ್ನ ಅಸಲಿ ಹೆಸರಿಂದ ಕರೆಯೋದು ಅವರವರ ಅಮ್ಮ ಮತ್ತು ಪೊಲೀಸರು ಮಾತ್ರ.

ಕಳೆದ ಜೂನಲ್ಲಿ ಅವನ ಬೈಕಿಗೆ ಒಂದು ಹೋರಿ ಅಡ್ಡ ಬಂತು. ಹೋರಿಗೆ ಏನೂ ಆಗಲಿಲ್ಲ. ಹೋತನಿಗೆ ಸೊಂಟದಿಂದ ಕೆಳಗೆ ಸ್ವಾಧೀನ ತಪ್ಪಿತು. ಎಂಟು ತಿಂಗಳ ಮೇಲೆ ಗಾಲಿ ಕುರ್ಚಿಯಲ್ಲಿ ಕಾಲೇಜಿಗೆ ವಾಪಸ್ಸು ಬಂದರೆ, ಹೋತ ಕಾಣೆಯಾಗಿ ಬರೀ "ಜುರಾಂದಿರ್ ಅವರೇ" ಉಳಿದಿತ್ತು. ಮೂಲಂಗಿ ತನ್ನ ಕೆಳಗಿನ ರೂಮು ಬಿಟ್ಟುಕೊಟ್ಟು ಅಟ್ಟ ಹತ್ತಿದ. ಕಾಳಿನ ಬದಲು ಬೀಟ್ರೂಟ್ ಬೇಯಿಸಿ ಅಂದ ಜುರಾಂದಿರ್, ಪಾಸು. ಬೆಳಗ್ಗೆ ಐದಕ್ಕೆದ್ದು ಪಕ್ಕದ ಮನೆ ಹುಂಜಕ್ಕೆ ನಮಸ್ಕಾರ ಹೇಳಿ ಅಂದ, ಅದೂ ಪಾಸು. ಹುಂಜವೇ ಗಾಬರಿಬಿದ್ದು ತಡವಾಗಿ ಏಳತೊಡಗಿತು. ಯಾರೂ ಬೇಡ ಅನ್ನದೆ ಇರೋದು ಗೋಡೆಗೆ ನೇತುಹಾಕಿದ ಸತ್ತವರ ಫೋಟೋಗೆ ಮಾತ್ರ ಅಂತ ಜುರಾಂದಿರನಿಗೆ ಅನ್ನಿಸಿಬಿಟ್ಟಿತ್ತು. ಇವತ್ತು ಒಬ್ಬನಾದರೂ ಬೇಡ ಅನ್ನದಿದ್ದರೆ ಹೊರಟೇಬಿಡೋದು ಅಂತ ಬ್ಯಾಗು ತುಂಬಿ ತೊಡೆ ಮೇಲೆ ಇಟ್ಟುಕೊಂಡೇ ಕೂತಿದ್ದ. ಟೀವಿಯ ಉಪಾಯವೂ ಕೈಕೊಟ್ಟಿತು.

"ಇನ್ನೊಂದಿದೆ," ಅಂದ. "ನಾನು ಮನೆ ಬಿಟ್ಟು ಹೋಗ್ತೀನಿ. ಏಳು ಗಂಟೆ ಬಸ್ಸಿಗೆ, ಅಮ್ಮನ ಊರಿಗೆ. ಕಾಲೇಜೂ ಸಾಕು. ಕೈಯೆತ್ತಿ."

ಹೇಳಿಬಿಟ್ಟು ಒಬ್ಬೊಬ್ಬರ ಕೈಯನ್ನೇ ನೋಡಿದ. ಅಜ್ಜನ ಕೈ ಎಲ್ಲಕ್ಕಿಂತ ಮೊದಲು ಎದ್ದಿತು. ಇನ್ನೊಂದು ಕೈಲಿ ಕಣ್ಣೊರೆಸಿಕೊಳ್ಳುತ್ತಿದ್ದ.

"ನಿಮ್ಮ ಇಷ್ಟಕ್ಕೆ ನಾವು ಯಾವತ್ತೂ ಅಡ್ಡ ಬರಲ್ಲ," ಅಂತ ಬಿಕ್ಕಿದ.

ಹನ್ನೊಂದು ಕೈ ಎದ್ದವು. ಬಾಕಿ ಇದ್ದದ್ದು ಜುರಾಂದಿರನದೊಂದೇ. ಆಗ ಮೂಲಂಗಿ ಮೂಗು ಸುರ್ ಅನ್ನಿಸಿ, "ಅಲ್ಲಾ, ಹಾಗಾದ್ರೆ ನನ್ನ ರೂಮು ನನಗೇ ವಾಪಸ್ಸಾ?" ಅಂದ.

"ಥೂ ಮೂಲಂಗಿ, ನಿನಗೆ ಕರುಳಿದೆಯೇನೋ?"

"ಕರುಳಿದೆ ಅಜ್ಜ, ಕಿವಿ ಇಲ್ಲ. ಅಟ್ಟದ ಬಾವಲಿ ನಿನ್ನೆ ಕಚ್ಚಿದೆ ನೋಡು. ಇವನು ನನ್ನ ದಿಂಬೂ ಇಟ್ಕೊಂಡಿದಾನೆ!"

ಇವನು. ವಾಪಸ್ಸು ಬಂದ ಈ ಒಂದು ತಿಂಗಳಲ್ಲಿ ಇಂಥ ಏಕವಚನ ಜುರಾಂದಿರನ ಕಿವಿಗೆ ಬಿದ್ದಿರಲಿಲ್ಲ.

"ಯಾವ ದಿಂಬೋ?" ಅಂದ ಜುರಾಂದಿರ್.

"ಹಸಿರುದು! ನಮ್ಮಜ್ಜಿ ಹೊಲಿದಿದ್ದು! ಅದರ ಮೇಲೆ ಜೊಲ್ಲು ಬೇರೆ ಸುರಿಸಿದೀಯ!"

"ಕೊಡಲ್ಲ."

"ಊರಿಗೆ ಹೋಗೋನಿಗೆ ಯಾಕೋ ನನ್ನ ದಿಂಬು?"

"ಯಾವನೋ ಹೋಗ್ತಿರೋನು?" ಜುರಾಂದಿರ್ ಎರಡೂ ಕೈಗಳನ್ನ ಬ್ಯಾಗಿನ ಅಡಿಗೆ ತುರುಕಿದ. "ನನ್ನ ಕೈ ಏಳಲ್ಲ. ಬೇಡ!"

ಅಜ್ಜ ಬೆರಳು ಮಡಿಸಿ ಎಣಿಸಿದ. ಲೆಕ್ಕದಲ್ಲಿ ಅವನು ಅಷ್ಟಕ್ಕಷ್ಟೇ, ಆದರೂ ಇದು ತಪ್ಪಲಿಲ್ಲ.

"ಹನ್ನೊಂದು ಕೈ, ಒಂದು ಬೇಡ. ಬಿತ್ತು," ಅಂದ. ಆಮೇಲೆ ಹಳೇ ಅಭ್ಯಾಸಬಲ, ಗಂಟಲು ತಾನಾಗೇ ಅರಚಿತು: "ಏಳೋ ಹೋತ, ಕೊಪ್ಪರಿಗೆ ತಿಕ್ಕು ಏಳು!"

ಏಳು ಅಂದವನು ನಾಲಿಗೆ ಕಚ್ಚಿಕೊಂಡ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಗ ಕುರ್ಚಿಯಿಂದ ಆ ನಗು ಹೊರಟಿತು. ಒಂಬತ್ತು ತಿಂಗಳಿಂದ ಒಳಗೇ ಕಟ್ಟಿಹಾಕಿದ್ದ ಹೋತ ಹಗ್ಗ ಹರಿದುಕೊಂಡ ಹಾಗೆ. ಪಕ್ಕದ ಮನೆ ಹುಂಜ ಬೆಳಗಾಯಿತು ಅಂದುಕೊಂಡು ಕೂಗಿತು.

ಮೂಲಂಗಿ ಬೀಟ್ರೂಟಿಂದ ಕೆಂಪಾಗಿದ್ದ ಕೊಪ್ಪರಿಗೆಯ ಒಂದು ಹಿಡಿ ಹಿಡಿದು, ಇನ್ನೊಂದಕ್ಕೆ ಯಾರಾದರೂ ಬರಲಿ ಅಂತ ನಿಂತ. ಹೋತ ಬ್ಯಾಗನ್ನ ಮೂಲೆಗೆ ಎಸೆದ.

"ಹೊರೋದ್ಯಾಕೋ? ಇಲ್ಲಿಡಿ, ತೊಡೆ ಮೇಲೆ."

ಹೇಳಿ ಮಾಡಿಸಿದ ಹಾಗೆ ಕೂತಿತು. ಇಷ್ಟು ವರ್ಷ ಇಬ್ಬರು ಏದುಸಿರು ಬಿಟ್ಟು ಹೊತ್ತ ಕೊಪ್ಪರಿಗೆ ಹಿತ್ತಲ ಕಡೆ ಗಾಲಿ ಮೇಲೆ ಸಲೀಸಾಗಿ ಹೊರಟಿತು. ಎದುರಿನಿಂದ ನೋಡಿದರೆ ಹೋತನ ಕೂದಲು ಮಾತ್ರ ಕಾಣುತ್ತಿತ್ತು.

"ಲೋ ಹೋತ," ಅಂತ ಅಜ್ಜ ಕೂಗಿದ, "ಹಾಗೇ ಪಕ್ಕದ ಮನೇಲಿ ಯಾರ ಗೋಲು ಅಂತ ಕೇಳ್ಕೊಂಡು ಬಾರೋ!"

ಕೊಪ್ಪರಿಗೆಯೊಳಗೆ ಗುಂಯ್‌ಗುಟ್ಟಿಕೊಂಡು ಉತ್ತರ ಬಂತು: "ಆಗಲ್ಲ ಹೋಗೋ!"