ಒನ್ನುಮಿಲ್ಲ

"ಏಳನೆಯದಕ್ಕೆ ನೀನೇನು ಬರೆದೆ?" ಎಂದು ಜಾಯ್ಸ್ ಮಲಯಾಳದಲ್ಲಿ ಕೇಳಿದಾಗ ಮೇಧಾ "ಒನ್ನುಮಿಲ್ಲ" ಅಂದಳು. ಏನೂ ಇಲ್ಲ ಎಂದು ಅದರ ಅರ್ಥ. ಅವಳು ಹೇಳಿದ್ದು ನಿಜವೇ. ಕೆಮಿಸ್ಟ್ರಿ ಪತ್ರಿಕೆಯ ಏಳನೆಯ ಪ್ರಶ್ನೆಗೆ ನಂಬರನ್ನೂ ಹಾಕದೆ ಜಾಗ ಬಿಟ್ಟು ಮುಂದೆ ಹೋಗಿದ್ದಳು. ಆಮೇಲೆ ಹಿಂದಕ್ಕೆ ಬರಲು ಸಮಯವಾಗಲಿಲ್ಲ. ಬಂದಿದ್ದರೂ ಬರೆಯಲು ತಲೆಯಲ್ಲಿ ಏನೂ ಇರಲಿಲ್ಲ.

ಶಾಲೆಯ ಗೇಟಿನ ಹೊರಗೆ ಹತ್ತನೇ ಕ್ಲಾಸಿನ ಮಾಡೆಲ್ ಪರೀಕ್ಷೆಯ ಪಂಚಾಯ್ತಿ ನಡೆದಿತ್ತು. ಕಾಪರ್ ನೈಟ್ರೇಟ್ ದ್ರಾವಣದಲ್ಲಿ ಬೆಳ್ಳಿಯ ತಂತಿಯನ್ನು ಇಳಿಬಿಟ್ಟರೆ ಏನಾಗುತ್ತದೆ? ಎರಡು ಅಂಕ. ತಂತಿಗೆ ಕೆಂಪು ಬಣ್ಣ ಹತ್ತುತ್ತದೆ ಎಂದು ಅಶ್ರಫ್ ಬರೆದಿದ್ದ. ದ್ರಾವಣದ ನೀಲಿ ಹೋಗುತ್ತದೆ ಎಂದು ಜಾಯ್ಸ್.

"ನೀಲಿ ಹೋಗಿ ಎಲ್ಲಿ ಕೂರುತ್ತೆ, ನಿನ್ನ ಯೂನಿಫಾರ್ಮಿನ ಮೇಲಾ?"

"ಸುಮ್ಮನಿರು ಎಡಾ. ಹೋದ ಸಲ ನೀರಿನ ಫಾರ್ಮುಲಾವನ್ನೇ ತಪ್ಪು ಬರೆದವನು ನೀನು."

ಮೇಧಾ ನಗಲಿಲ್ಲ. ಈ ಪರೀಕ್ಷೆಯ ಕೆಮಿಸ್ಟ್ರಿಯಲ್ಲಿ ಎಪ್ಪತ್ತು ಬಾರದವರಿಗೆ ಪ್ಲಸ್ ಒನ್‌ನಲ್ಲಿ, ಅಂದರೆ ಹನ್ನೊಂದನೇ ಕ್ಲಾಸಿನಲ್ಲಿ, ಸೈನ್ಸ್ ಸೀಟು ಇಲ್ಲ ಎಂದು ಶಾಲೆ ಮೊದಲೇ ಹೇಳಿತ್ತು. ಅವಳು ಹೇಗೆ ಕೂಡಿದರೂ ಮೊತ್ತ ಒಂದೆರಡು ಅಂಕ ಈಚೆಗೇ ನಿಲ್ಲುತ್ತಿತ್ತು. ಅಪ್ಪ ಶ್ರೀಕಂಠ ತುಂಬಾ ಎಂಬ ಊರಿನ ಬಾಹ್ಯಾಕಾಶ ಕೇಂದ್ರದಲ್ಲಿ ರಾಕೆಟ್ಟಿನ ಇಂಧನ ಪರೀಕ್ಷಿಸುವ ಕೆಮಿಸ್ಟ್. ಅಂಥವನ ಮನೆಯಲ್ಲಿ ಕಾಮರ್ಸ್ ಎಂಬ ಪದವನ್ನು ಬಾಯಿಬಿಟ್ಟು ಹೇಳುವುದು ಹೇಗೆ ಎಂದು ಯೋಚಿಸುತ್ತಿದ್ದಾಗಲೇ ಬೆನ್ನ ಮೇಲೆ ಕೈ ಬಿತ್ತು. ಕರೆದೊಯ್ಯಲು ಬಂದ ಅಪ್ಪ ಸ್ಕೂಟರ್ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಿದ್ದ.

"ಶಭಾಷ್ ಕಣೇ. ಒನ್ನುಮಿಲ್ಲ. ಅದೇ ಸರಿಯಾದ ಉತ್ತರ." ಆಮೇಲೆ ಮಕ್ಕಳ ಕಡೆ ತಿರುಗಿ ತನ್ನ ಹರಕು ಮಲಯಾಳ ತೆಗೆದ. "ತಾಮ್ರವನ್ನು ಹೊರಗೆ ತಳ್ಳುವ ತಾಕತ್ತು ಬೆಳ್ಳಿಗಿಲ್ಲ ಮಕ್ಕಳೇ. ತಂತಿ ಹೇಗಿತ್ತೋ ಹಾಗೇ ಇರುತ್ತೆ, ನೀಲಿನೂ ಹಾಗೇ ಇರುತ್ತೆ. ಏನೂ ಆಗಲ್ಲ. ನಿಮ್ಮಲ್ಲಿ ಇವಳೊಬ್ಬಳಿಗೇ ಹೊಳೆದಿರೋದು."

"ಅಪ್ಪಾ..." ಎಂದಳು ಮೇಧಾ.

"ಇದರಲ್ಲಿ ಸಂಕೋಚ ಏನು ಬಂತು?"

"ಅಯ್ಯೋ, ಪೋಯಿ" ಎಂದು ಅಶ್ರಫ್ ತನ್ನ ಎರಡು ಅಂಕಗಳನ್ನು ಅಲ್ಲೇ ಬೀಳ್ಕೊಟ್ಟ.

ಅಷ್ಟರಲ್ಲಿ ಕೆಮಿಸ್ಟ್ರಿ ಕಲಿಸುವ ಗ್ರೇಸಿ ಟೀಚರ್ ಕೊಡೆ ಬಿಚ್ಚುತ್ತ ಗೇಟಿನಿಂದ ಹೊರಬಂದರು. "ಮಕ್ಕಳೇ, ಏಳನೇ ಪ್ರಶ್ನೆ ಪ್ರಿಂಟಿನಲ್ಲಿ ಉಲ್ಟಾ ಆಗಿದೆ. ನಾನು ಬರೆದುಕೊಟ್ಟಿದ್ದು ಸಿಲ್ವರ್ ನೈಟ್ರೇಟಿನಲ್ಲಿ ತಾಮ್ರದ ತಂತಿ. ತಲೆ ಕೆಡಿಸಿಕೊಳ್ಳಬೇಡಿ. ನಂಬರ್ ಹಾಕಿ ಏನಾದರೂ ಬರೆದವರಿಗೆಲ್ಲ ಎರಡು ಅಂಕ."

ಜಾಯ್ಸ್, ಅಶ್ರಫ್ ಇಬ್ಬರೂ ಕೈಗೆ ಕೈ ಬಡಿದುಕೊಂಡರು. ಮೇಧಾ ಒಂದು ನಂಬರ್ ಹಾಕಿ ಎರಡು ಗೆರೆ ಗೀಚಿದ್ದರೂ ಸಾಕಿತ್ತು. ಅಪ್ಪ ಮಾತ್ರ ಒಂದು ಹೆಜ್ಜೆ ಮುಂದೆ ಬಂದ.

"ಏನಾದರೂ ಬರೆದವರಿಗಾ? ಅದು ಹೇಗೆ ಟೀಚರ್? ಪ್ರಶ್ನೆ ಉಲ್ಟಾ ಆಗಿರಬಹುದು, ಆದರೆ ಅದಕ್ಕೂ ಒಂದು ಸರಿ ಉತ್ತರ ಇದೆ. ಅದನ್ನು ಬರೆದವರಿಗೆ ಮಾತ್ರ ಅಂಕ ಕೊಡಿ. ವಿಜ್ಞಾನದಲ್ಲಿ ದಾಕ್ಷಿಣ್ಯ ನಡೆಯಲ್ಲ."

"ಏನೂ ಆಗುವುದಿಲ್ಲ ಅಂತ ಬರೆದವರು ಯಾರಿದ್ದಾರೆ ಸಾರ್?"

"ನನ್ನ ಮಗಳು."

ವರ್ಷವಿಡೀ ತಾನು ಕಲಿಸಿದ ಹುಡುಗಿ ಇವಳೇನಾ ಎಂಬಂತೆ ಟೀಚರ್ ಮೇಧಾಳನ್ನು ನೋಡಿದರು. "ಸಾರ್ ಹೇಳೋದರಲ್ಲಿ ನ್ಯಾಯ ಇದೆ. ಹಾಗೇ ಮಾಡೋಣ ಬಿಡಿ."

"ಥ್ಯಾಂಕ್ಸ್ ಕೇಟ್ಟೋ, ಸೈಂಟಿಸ್ಟೇ" ಎಂದು ಜಾಯ್ಸ್ ಮೇಧಾಳನ್ನು ಕುಟುಕಿ ಮುಖ ತಿರುಗಿಸಿದಳು.

ಮೇಧಾ ಅಪ್ಪನ ಅಂಗಿಯ ತೋಳು ಹಿಡಿದೆಳೆದಳು. ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಟ್ಟೇ ಬೆಳೆದವಳು, ಅಲ್ಲಿದ್ದ ಬೇರೆ ಯಾರಿಗೂ ತಿಳಿಯಬಾರದೆಂದು, ಒಂದೊಂದೇ ಪದ ಹುಡುಕಿ ಕನ್ನಡದಲ್ಲಿ ಹೇಳಿದಳು. "ಅಪ್ಪಾ, ನಾನು ಅದು ಬರೆದಿಲ್ಲ. ನಂಗೆ ಗೊತ್ತಿರಲಿಲ್ಲ. ಖಾಲಿ ಬಿಟ್ಟೆ. ನೀನು ಸುಮ್ಮನಿರು, ಅವರಿಗಾದ್ರೂ ಸಿಗಲಿ."

ಮಗಳ ಬಾಯಲ್ಲಿ ಅಷ್ಟುದ್ದ ಕನ್ನಡ ಕೇಳಿ ಅಪ್ಪನ ಮುಖ ಮೊದಲು ಅರಳಿತು. ಅರ್ಥ ಸ್ವಲ್ಪ ತಡವಾಗಿ ತಲುಪಿತು.

"ಮೋಳು ಏನು ಹೇಳಿದಳು ಸಾರ್?" ಎಂದರು ಟೀಚರ್.

ಅಪ್ಪ ರಸ್ತೆ ನೋಡಿದ. ಗಂಟಲು ಸರಿಮಾಡಿಕೊಂಡ. "ತನ್ನ ಉತ್ತರ ಸರಿ ಇದ್ದರೂ ಅಂಕ ತನಗೊಬ್ಬಳಿಗೇ ಬೇಡವಂತೆ ಟೀಚರ್. ಗೆಳೆಯರಿಗೂ ಸಿಗಲಿ ಅಂತಾಳೆ."

ಗ್ರೇಸಿ ಟೀಚರ್ ಕೊಡೆಯನ್ನು ಎಡಗೈಗೆ ಬದಲಾಯಿಸಿ ಮೇಧಾಳ ತಲೆ ಸವರಿದರು. "ಹೀಗೆ ಬೆಳೆಸಬೇಕು ಮಕ್ಕಳನ್ನು. ಸರಿ, ಬರೆದವರು, ಬರೆಯದವರು ಅಂತ ಭೇದವೇ ಬೇಡ. ಇಡೀ ಕ್ಲಾಸಿಗೆ ಎರಡೆರಡು."

ಜಾಯ್ಸ್ ಬಂದು ತಬ್ಬಿಕೊಂಡಳು. ಮೇಧಾ ಕಂಬದ ಹಾಗೆ ನಿಂತಿದ್ದಳು. ಅಪ್ಪನ ಮುಖ ನೋಡಲು ಅವಳಿಗೆ ಧೈರ್ಯ ಸಾಲಲಿಲ್ಲ. ಅಪ್ಪನೂ ಅವಳತ್ತ ನೋಡದೆ ಸ್ಕೂಟರಿನ ಕೀಲಿಗಾಗಿ ಎಲ್ಲ ಜೇಬುಗಳನ್ನೂ ತಡಕಿದ.

ಕಡಲ ಕಡೆಯ ತಿರುವು ದಾಟಿದ ಮೇಲೆ ಅಪ್ಪ ಹೆಲ್ಮೆಟ್ಟಿನೊಳಗಿನಿಂದಲೇ ಹೇಳಿದ:

"ನೋಡಿದ್ಯಾ, ಅದಕ್ಕೇ ನಾನು ಬಡ್ಕೊಳ್ಳೋದು, ಕನ್ನಡದಲ್ಲಿ ಮಾತಾಡೋದು ಕಲಿ ಅಂತ."