ರೊಪ್ಪದ ಮಣ್ಣು

ಸೊಕ್ಕೆ ಊರಿನ ಹೊರಗೆ ಶಂಕರಮ್ಮ ಕುರಿ ಕೂಡುತ್ತಿದ್ದ ರೊಪ್ಪ ಇದ್ದ ಜಾಗಕ್ಕೆ ಸುನಿತಾ ಬಂದು ನಿಂತರೆ ಅಲ್ಲಿ ಕುರಿಯೂ ಇರಲಿಲ್ಲ, ರೊಪ್ಪವೂ ಇರಲಿಲ್ಲ. ಜಲ್ಲಿ ಸುರಿದು, ರೋಲರ್ ಓಡಿಸಿ, ಅಗಲವಾದ ದಾರಿ ಮಾಡಿದ್ದರು. ದಾರಿಯ ತುದಿಯಲ್ಲಿ ಗಾಳಿಯಂತ್ರವೊಂದು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಹೆಗಲಿಗೆ ನೇತುಹಾಕಿದ್ದ ಐಸ್ ಪೆಟ್ಟಿಗೆಯನ್ನು ಕೆಳಗಿಡುವುದೂ ಅವಳಿಗೆ ತೋಚಲಿಲ್ಲ.

"ಈ ಗಾಳಿ ಫ್ಯಾನು ನೆಡಾಕೆ ಬಂದೋರು ದಾರಿ ಬೇಕು ಅಂದ್ರು ತಾಯಿ," ಎಂದಳು ಕುಂಟುತ್ತ ಹಿಂದೆ ಬಂದ ಶಂಕರಮ್ಮ. "ಜಾಗ ನಮ್ದಲ್ಲ, ಗೋಮಾಳ. ಏನಂತ ಜಗಳ ಮಾಡಾದು? ಆಳುದ್ದ ಅಗದು ಮಣ್ಣೆಲ್ಲ ಲಾರಿಗೆ ತುಂಬ್ಕಂಡು ಹೋದ್ರು. ರೊಪ್ಪ ಹೋದ್ಮ್ಯಾಲೆ ಕುರೀನೂ ಮಾರಿದ್ವಿ."

ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳ ವಂಶವಾಹಿಯನ್ನು ಕಂಪ್ಯೂಟರಿನಲ್ಲಿ ಓದಿ, ಔಷಧಿಯಾಗಬಲ್ಲ ಪದಾರ್ಥ ತಯಾರಿಸುವ ವಿದ್ಯೆ ಯಾವುದಕ್ಕಿದೆ ಎಂದು ಹುಡುಕುವುದು ಸುನಿತಾಳ ಸಂಶೋಧನೆ. ಹೊನ್ನಾಳಿಯ ಹೊಳೆದಂಡೆ, ನ್ಯಾಮತಿಯ ಗುಡ್ಡ, ತನ್ನೂರು ಚನ್ನಗಿರಿಯ ಕೆರೆ ಏರಿ ಎಂದು ನಲವತ್ತು ಕಡೆಯ ಮಣ್ಣು ಹೊತ್ತಿದ್ದಳು. ಮೂವತ್ತೊಂಬತ್ತರಲ್ಲಿ ಸಿಕ್ಕಿದ್ದು ಲೋಕಕ್ಕೆಲ್ಲ ಗೊತ್ತಿದ್ದದ್ದೇ. ಈ ರೊಪ್ಪದ ಮಣ್ಣು ಮಾತ್ರ, ಯಾವ ಔಷಧಿಗೂ ಜಗ್ಗದ ಕೀವಿನ ರೋಗಾಣುವನ್ನು ಕೊಲ್ಲಬಲ್ಲ ಹೊಸದೊಂದರ ಸುಳಿವು ಕೊಟ್ಟಿತ್ತು. ಕುರಿಯ ಗೊರಸು ಕೊಳೆತರೆ, ಊರವರ ಕಾಲು ಹುಣ್ಣಾದರೆ ಶಂಕರಮ್ಮ ನಲವತ್ತು ವರ್ಷದಿಂದ ಹಚ್ಚುತ್ತಿದ್ದದ್ದು ಈ ಮಣ್ಣನ್ನೇ. ಆದರೆ ಸುನಿತಾ ಹೋದ ವರ್ಷ ಒಯ್ದ ಎರಡು ಹಿಡಿ ಮಣ್ಣು ಪರೀಕ್ಷೆಯಲ್ಲೇ ಮುಗಿದುಹೋಗಿ, ಕಂಪ್ಯೂಟರಿನಲ್ಲಿ ಉಳಿದದ್ದು ಅರ್ಧ ಬರೆದ ಅಡುಗೆಯ ಚೀಟಿಯಷ್ಟೇ. ಆ ಔಷಧಿಯ ಅಡುಗೆ ಮಾಡುವ ಸೂಕ್ಷ್ಮಜೀವಿಯೇ ಜೀವಂತ ಬೇಕು. ತಿಂಗಳೊಳಗೆ ತರದಿದ್ದರೆ ಬೇರೆ ವಿಷಯ ಹಿಡಿ ಎಂದು ಗೈಡ್ ಹೇಳಿಯಾಗಿತ್ತು. ಮೂರು ವರ್ಷದ ದುಡಿಮೆ ನೀರಲ್ಲಿ ಹೋಮವಾಗುವುದರಲ್ಲಿತ್ತು.

"ಒಂದು ಹಿಡೀನೂ ಉಳಿದಿಲ್ವಾ ಅಜ್ಜಿ?" ಕೇಳುತ್ತ ಅವಳು ಕಣ್ಣೊರೆಸಿಕೊಂಡಳು.

"ಅಯ್ಯ, ಅದಕ್ಯಾಕೆ ಅಳ್ತೀಯ. ಅವ್ರು ಅಗಿಯಾಕೆ ಬರೋ ಮೊದ್ಲೇ ಒಂದು ಗಡಿಗೆ ತುಂಬಿಟ್ಟೀನಿ. ಮನಿಗೆ ಬಾ."

ಸುನಿತಾಳಿಗೆ ಹೋದ ಜೀವ ಬಂದಂತಾಯಿತು. ಅಷ್ಟು ಜನ ಡಾಕ್ಟರೇಟುಗಳಿಗೆ ಹೊಳೆಯದ್ದು ಈ ಹೆಬ್ಬೆಟ್ಟಿನ ಮುದುಕಿಗೆ ಹೊಳೆದಿತ್ತು. ಪ್ರಬಂಧದಲ್ಲಿ ಗೈಡಿನ ಹೆಸರಿಗಿಂತ ಮೇಲೆ ಶಂಕರಮ್ಮನ ಹೆಸರು ಹಾಕಿಸಬೇಕು, ಅವರು ಸಿಟ್ಟಾದರೂ ಸರಿ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಹೋದ ಸಲ ಮಣ್ಣು ಕಟ್ಟಿಕೊಂಡದ್ದಲ್ಲದೆ ಈಕೆಗೆ ನಾಲ್ಕು ಬುದ್ಧಿಮಾತು ಬೇರೆ ಹೇಳಿ ಹೋಗಿದ್ದಳು. ಓದಿದವರಿಗೆ ಅದೊಂದು ಚಟ. ಏನು ಹೇಳಿದ್ದೆನೆಂಬುದು ಈಗ ಅವಳಿಗೆ ನೆನಪೂ ಇರಲಿಲ್ಲ.

ಅಡುಗೆಮನೆಯ ಮೂಲೆಯಿಂದ ಶಂಕರಮ್ಮ ಗಡಿಗೆಯನ್ನು ಪಡಸಾಲೆಗೆ ತಂದು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ಸುನಿತಾ ಆತುರದಿಂದ ಕೈ ಹಾಕಿದಳು. ಮಣ್ಣು ಹಗುರಾಗಿತ್ತು, ಕಪ್ಪಗಿತ್ತು, ಬೆರಳ ಸಂದಿಯಿಂದ ಪುಡಿಪುಡಿಯಾಗಿ ಜಾರಿತು. ಕುರಿಹಿಕ್ಕೆಯ ವಾಸನೆ ಇರಲಿಲ್ಲ. ಸೀದ ವಾಸನೆ ಇತ್ತು.

"ಅಜ್ಜಿ, ಇದನ್ನ ಏನ್ ಮಾಡಿದ್ರಿ?"

"ಹುರಿದೀನವ್ವ. ಬಸುರಿ ಹೆಂಗಸ್ರು ತಿನ್ನಾಕೆ ಕೆಮ್ಮಣ್ಣು ಹುರಿತೀವಲ್ಲ, ಹಂಗೆ. ಹೆಂಚಿನ ಮ್ಯಾಲೆ ಮೂರು ಸತಿ, ಹೊಗೆ ಬರೋ ತನಕ. ನೀನೇ ಹೇಳಿದ್ದಲ್ಲ, ಇದರಾಗೆ ಕಣ್ಣಿಗೆ ಕಾಣದ ಹುಳ ಇರ್ತಾವೆ, ಹಸಿ ಮಣ್ಣು ಗಾಯಕ್ಕೆ ಹಾಕಬ್ಯಾಡ್ರಿ ಅಂತ. ಓದಿದ ಹುಡುಗಿ ಸುಳ್ಳು ಹೇಳ್ತಾಳಾ? ಅವತ್ತಿಂದ ಹಸೀದು ಯಾರಿಗೂ ಕೊಟ್ಟಿಲ್ಲ."

ಈಗ ನೆನಪಾಯಿತು. ಇದೇ ಪಡಸಾಲೆಯಲ್ಲಿ ಕೂತು, ಕೈಗೆ ಸ್ಯಾನಿಟೈಸರ್ ಉಜ್ಜಿಕೊಳ್ಳುತ್ತ ಹೇಳಿದ್ದಳು. ಯಾರ ಮೇಲೆ ಸಿಟ್ಟು ಮಾಡುವುದು? ಫ್ಯಾನಿನವರು ಒಯ್ದದ್ದು ಒಯ್ದರು, ಉಳಿದ ಒಂದು ಗಡಿಗೆಯನ್ನು ಸುಟ್ಟದ್ದು ತನ್ನದೇ ನಾಲಿಗೆ. ಅವಳು ಗಡಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತಳು.

ಶಂಕರಮ್ಮ ಎದುರಿಗೆ ಕೂತು ತನ್ನ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಹಿಮ್ಮಡಿಯ ಹುಣ್ಣು ಅಂಗೈಯಗಲ ಆಗಿತ್ತು, ಕೀವು ಜಿನುಗುತ್ತಿತ್ತು.

"ಆಸ್ಪತ್ರೆಗೆ ತೋರಿಸ್ಲಿಲ್ವಾ ಅಜ್ಜಿ?"

"ತೋರಿಸ್ದೆ. ಗುಳಿಗೆ, ಸೂಜಿ ಎಲ್ಲಾ ಆತು, ಯಾವುದಕ್ಕೂ ಜಗ್ತಿಲ್ಲ. ಕಾಲು ತೆಗೀಬೇಕಾಗ್ತದೆ ಅಂತಾರೆ. ಅದಕ್ಕೇ ಈ ಮಣ್ಣನ್ನೇ ನಂಬೀನಿ. ಮೊದ್ಲೆಲ್ಲ ಎಂಟು ದಿನದಾಗೆ ಮಾಯ್ತಿತ್ತು. ಈಗ ಮೂರು ತಿಂಗಳಿಂದ ಹಚ್ತೀನಿ, ಯಾಕೋ ಮಾಯ್ತಾ ಇಲ್ಲ."

ಅವಳು ಗಡಿಗೆಯಿಂದ ಒಂದು ಚಿಟಿಕೆ ಹುಣ್ಣಿಗೆ ಉದುರಿಸಿಕೊಂಡಳು. ಆಮೇಲೆ ಎರಡು ಹಿಡಿ ತೆಗೆದು, ಸುನಿತಾಳ ಐಸ್ ಪೆಟ್ಟಿಗೆಯೊಳಗೆ ಒಂದು ಕಾಳೂ ಚೆಲ್ಲದಂತೆ ಸುರಿದಳು.

"ತಗಂಡು ಹೋಗವ್ವ. ಇನ್ನೂ ಎಲ್ಲಾದ್ರೂ ಒಂದು ಹುಳ ಉಳಕಂಡೈತೇನೋ, ನಿನ್ನ ಮಿಷಿನ್ನಾಗೆ ನೋಡಿ ಹೇಳು. ಇನ್ನೊಂದು ಸತಿ ಹುರಿತೀನಿ."